ಊರಿಗೊಂದೇ ಕೋಟು

ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ತಂದಿದ್ದ ಕುರ್ಚಿಗಳನ್ನು ಪಿಕಪ್ಪಿನವನು ಬೆಳಿಗ್ಗೆಯೇ ಬಂದು ತುಂಬಿಸಿಕೊಂಡು ಹೋದ. ಹಾಲಿನವಳು ಬಂದಳು. ನೀರಿನ ಪಂಪು ಎಂದಿನಂತೆ ಕೆಮ್ಮಿ ಕೆಮ್ಮಿ ಶುರುವಾಯಿತು. ಅನೂಪ ಸತ್ತ ಮೇಲೆ ಮನೆಯಲ್ಲಿ ಯಾರಿಗೂ ಯಾವ ಕೆಲಸವೂ ಇಲ್ಲದ ಮೊದಲ ದಿನ ಅದು. ಅವನ ಹೆಂಡತಿ ವಿಜೇತಾ ಎರಡು ಬಟ್ಟಲಿಗೆ ಗಂಜಿ ಬಡಿಸಿ ಒಂದನ್ನು ಅತ್ತೆಯ ಮುಂದಿಟ್ಟಳು. ಇವತ್ತು ಯಾರೂ ಬರುವುದಿಲ್ಲ, ಯಾರೊಡನೆಯೂ ಮಾತಾಡಬೇಕಾಗಿಲ್ಲ ಎಂಬುದೊಂದೇ ಅವಳ ಆ ಹೊತ್ತಿನ ಸಮಾಧಾನ.

ಅತ್ತೆ ಚಂದ್ರಮತಿ ಬಟ್ಟಲನ್ನು ಬೆರಳ ತುದಿಯಿಂದ ಆಚೆ ದೂಡಿದರು.

“ಅದನ್ನ್ ಕೊಟ್ ಬಪ್ಪಲ್ಲಿವರೆಗೆ ನಾ ಉಂಬುದಿಲ್ಲ.”

“ಯಾವ್ದನ್ನ್ ಅತ್ತೆ?”

ಅತ್ತೆ ಗಲ್ಲದಲ್ಲೇ ಬಾಗಿಲ ಹಿಂದಕ್ಕೆ ತೋರಿಸಿದರು. ಅಲ್ಲಿ ಮೊಳೆಗೆ ಕೋಟು ನೇತಾಡುತ್ತಿತ್ತು.

“ನಿನ್ನೆ ಬೊಜ್ಜಕ್ಕೆ ಬಂದ ಹಾಲಾಡಿ ಅಜ್ಜಯ್ಯ ಹೇಳಿರ್. ಎರವಲ್ ತಂದದ್ದ್ ಮನೆಯಲ್ಲಿದ್ರೆ ಸತ್ತವ್ನ ಜೀವ ಹೊಸಿಲ್ ದಾಟುದಿಲ್ಲ ಅಂಬ್ರ್. ನನ್ನ್ ಮಗ ಹೊಸಿಲಲ್ಲ್ ನಿಂತಿಪ್ಪತಿಗೆ ನಂಗ್ ಗಂಜಿ ಇಳಿತ್ತಾ?”

ಆ ಕೋಟಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಕುಂದಾಪುರದ ಸೆಕೆಯಲ್ಲಿ ಉಣ್ಣೆಯ ಕೋಟು ಇಟ್ಟುಕೊಳ್ಳುವುದೆಂದರೆ ಕಡಲತಡಿಯಲ್ಲಿ ಒಂಟೆ ಕಟ್ಟಿದ ಹಾಗೆ. ಮನೆಗೊಂದು ಯಾರಿಗೆ ಬೇಕು? ಹಾಗಾಗಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಳಕೆಯಲ್ಲಿದ್ದದ್ದು ಅದೊಂದೇ. ಕಪ್ಪು ಬಣ್ಣ, ಮೊಣಕಾಲು ಮುಟ್ಟುವ ಉದ್ದ, ಎತ್ತಿದರೆ ಕರುವಿನ ಭಾರ. ಕೇದಾರಕ್ಕೆ ಹೋಗುವವರು, ಶಿಮ್ಲಾಕ್ಕೆ ಹನಿಮೂನಿಗೆ ಹೋಗುವವರು, ಲಂಡನ್ನಿಗೆ ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರು ಎಲ್ಲರಿಗೂ ಅದೇ. ಒಬ್ಬರು ಬಂದಿಳಿದ ಕೂಡಲೇ ಇನ್ನೊಬ್ಬರು ಒಯ್ಯುತ್ತಿದ್ದರು. ಅದು ನಿಜವಾಗಿ ಯಾರದ್ದು ಎಂದು ಕೇಳಿದವರಿಲ್ಲ. ಮದುವೆಮನೆಯ ದೊಡ್ಡ ಹಂಡೆ ಯಾರದ್ದೆಂದು ಯಾರಾದರೂ ಕೇಳುತ್ತಾರೆಯೇ?

ಪೋಲೆಂಡಿನಲ್ಲಿ ಊರಿನವರೊಬ್ಬರ ಹೋಟೆಲಿಗೆ ದೋಸೆ ಹೊಯ್ಯುವ ಕೆಲಸ ಸಿಕ್ಕಿದಾಗ ಅನೂಪನೂ ಹೆಮ್ಮಾಡಿಯ ರತ್ನಾಕರನಿಂದ ಅದನ್ನೇ ತಂದಿದ್ದ. ಹೊರಟವರು ಮೂವರು; ಅನೂಪ, ವಿಜೇತಾ, ಚಂದ್ರಮತಿ. ಕೋಟು ಒಂದು.

ವಿಜೇತಾ ಕೋಟನ್ನು ತೋಳಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಬೇಲಿಯಾಚೆ ಪುಷ್ಪಕ್ಕ ಬಟ್ಟೆ ಒಣಗಿಸುತ್ತಿದ್ದಳು.

“ಹ್ವಾಯ್, ಬೊಜ್ಜ ಆದ್ ಮರ್ದಿನವೇ ಎಲ್ಲಿಗ್ ಹೊರಟದ್ದೆ?”

“ಹೆಮ್ಮಾಡಿಗೆ.”

“ಹೆಮ್ಮಾಡಿಯಲ್ಲ್ ಅಷ್ಟ್ ಚಳಿ ಇತ್ತಾ?”

ವಿಜೇತಾಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಪೋಲೆಂಡಿನ ಆಸ್ಪತ್ರೆಯ ಬೆಂಚಿನಿಂದ ಎದ್ದ ಮೇಲೆ ಅವಳಿಗೆ ಎರಡೂ ಬಂದಿರಲಿಲ್ಲ. ಮೈಗೆಲ್ಲ ಹಲ್ಲಿನ ಡಾಕ್ಟರು ಮರಗಟ್ಟುವ ಸೂಜಿ ಚುಚ್ಚಿದ ಹಾಗಿತ್ತು.

ಬಸ್ಸಿನಲ್ಲಿ ಕೋಟಿಗೇ ಕಿಟಕಿಯ ಸೀಟು ಸಿಕ್ಕಿತು. ತೊಡೆಯ ಮೇಲಿಟ್ಟುಕೊಂಡರೆ ಬೆವರು ಸೋರುತ್ತಿತ್ತು. ಪಕ್ಕದಲ್ಲಿಟ್ಟರೆ ಅದು ಎರಡೂ ತೋಳು ಇಳಿಬಿಟ್ಟು, ತಲೆಯೊಂದಿಲ್ಲದ ಗಂಡಸಿನ ಹಾಗೆ ನೆಟ್ಟಗೆ ಕೂತಿತು.

“ಅಕ್ಕಾ, ಆ ಜನಕ್ಕ್ ಟಿಕೆಟ್ ಮಾಡುದಾ?” ಎಂದು ಕಂಡಕ್ಟರು ಕೇಳಿದ. ಹಿಂದಿನ ಸೀಟಿನವರು ನಕ್ಕರು. ವಿಜೇತಾ ತನ್ನದಕ್ಕೆ ಮಾತ್ರ ದುಡ್ಡು ಕೊಟ್ಟಳು.

ಹಿಂದಿನ ಸೀಟಿನಿಂದ ಒಬ್ಬಳು ಮುಂದೆ ಬಾಗಿದಳು. “ನೀವ್ ಪೋಲೆಂಡಿನ ಅನೂಪಣ್ಣನ ಹೆಂಡ್ತಿ ಅಲ್ದಾ? ಪಾಪ. ಅಲ್ಲಿ ಎಂತೆಲ್ಲ ಕಂಡ್ರಿ?”

ಅಲ್ಲಿ ಕಂಡದ್ದನ್ನು ಹೇಳುವುದಾದರೆ ವಿಮಾನ ಇಳಿದಲ್ಲಿಂದಲೇ ಶುರುಮಾಡಬೇಕು. ಬಾಗಿಲು ತೆರೆದ ಕೂಡಲೇ ಬಿಳಿಯ ನೆಲ, ಬಿಳಿಯ ಮರ, ಬಿಳಿಯ ಮಾಡು. ಅತ್ತೆ ಅಲ್ಲೇ ನಿಂತು, “ಇದೆಂತ, ಊರಿಗೂರಿಗೇ ಸುಣ್ಣ ಬಳ್ದಿರಲೆ!” ಎಂದಿದ್ದರು. ಮೊದಲ ಸಂಬಳ ಬಂದ ಮೇಲೆ ಎಲ್ಲರಿಗೂ ಒಂದೊಂದು ಕೋಟು ಎಂದು ಅನೂಪ ಮಾತು ಕೊಟ್ಟ. ಅಲ್ಲಿಯವರೆಗೆ ಒಂದು ಕ್ರಮ ಮಾಡಿದ. ಸೋಮವಾರ ರಜೆ, ಊರು ನೋಡಲು ಮೂವರೂ ಹೋಗುವುದು. ಫೋಟೋಕ್ಕೆ ನಿಲ್ಲುವವರು ಕೋಟು ಹಾಕಿಕೊಳ್ಳುವುದು, ಉಳಿದವರು ಹೊದಿಕೆ ಸುತ್ತಿಕೊಂಡು ಟ್ರಾಮ್ ಸ್ಟಾಪಿನಲ್ಲಿ ನಡುಗುವುದು. ಮೊದಲ ಸೋಮವಾರ ಹೆಪ್ಪುಗಟ್ಟಿದ ಹೊಳೆ ಕಂಡರು. “ಹೊಳಿ ಸತ್ತ್ ಹೋಯ್ತಾ?” ಎಂದು ಅತ್ತೆ ಕೈಮುಗಿದರು. ಎರಡನೆಯ ಸೋಮವಾರ ಮ್ಯೂಸಿಯಂ. ಆ ಸಂಜೆ ಗಡಿಯಾರದ ಗೋಪುರದ ಮುಂದೆ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಹೆಮ್ಮಾಡಿಯಿಂದ ರತ್ನಾಕರ ಉತ್ತರ ಬರೆದ: “ಗೋಪುರದ ತುದಿ ಕಾಂಬುದಿಲ್ಲ.”

ಮೂರನೆಯ ಸೋಮವಾರ ಅನೂಪ ತುದಿ ಕಾಣಿಸಲು ಹೊರಟ. ವಿಜೇತಾ ಕೋಟು ಹಾಕಿಕೊಂಡು ನಿಂತಳು. “ಇನ್ನೊಂದ್ ಚೂರ್ ಹಿಂದ್ ಹೋತೆ,” ಎಂದ. “ಇನ್ನೊಂದ್ ಚೂರ್.” ಅವನ ಹಿಂದೆ ಮಂಜು ಗಟ್ಟಿಯಾಗಿದ್ದ ಮೆಟ್ಟಿಲುಗಳಿದ್ದವು.

“ಹೊಳೆ ಕಂಡೆವು,” ಎಂದಳು ವಿಜೇತಾ ಬಸ್ಸಿನ ಹೆಂಗಸಿಗೆ.

ಹೆಮ್ಮಾಡಿಯಲ್ಲಿ ರತ್ನಾಕರನದು ಹಾರ್ಡ್‌ವೇರ್ ಅಂಗಡಿ. ರಸ್ತೆ ದಾಟುವಾಗಲೇ ಅವನು ಕೋಟನ್ನು ಕಂಡ. ಕಂಡವನೇ ಗಲ್ಲಾಪೆಟ್ಟಿಗೆಯಿಂದೆದ್ದು ಪೈಪುಗಳ ಹಿಂದೆ ಹೋದ. ಅವನ ಹೆಂಡತಿ ವನಜಳೇ ಮಾತಾಡಿಸಬೇಕಾಯಿತು.

“ರತ್ನಾಕರಣ್ಣ, ಕೋಟ್ ತಂದಿದ್ದೆ,” ಎಂದಳು ವಿಜೇತಾ ಪೈಪುಗಳ ಕಡೆಗೆ.

“ಅದ್ ನಂದೇ ಅಲ್ಲ ಮರಾಯ್ತಿ!” ಪೈಪುಗಳು ಹೇಳಿದವು. “ಬೈಂದೂರ್ ಸ್ನೇಹಲತಾ ಟೀಚರ್ದ್. ನಾನ್ ಬರೀ ನಡುವಿನವ.”

“ಇಲ್ಲಿಟ್ ಹೋತೆ. ಅವ್ರಿಗ್ ನೀವೇ ಕೊಡಿ.”

“ಬೇಡ ಬೇಡ ಬೇಡ!” ರತ್ನಾಕರ ಹೊರಗೆ ಬಂದ, ಆದರೆ ಒಂದು ಏಣಿಯನ್ನು ತಮ್ಮಿಬ್ಬರ ನಡುವೆ ಇಟ್ಟುಕೊಂಡೇ ಬಂದ. “ಸಿಟ್ ಮಾಡ್ಬೇಡ. ಸತ್ತವ್ರ ಮೈಮೇಲಿದ್ದದ್ದ್. ಅಂಗಡಿಯೊಳ್ಗೆ ಇಡುಕಾಗ. ನಾನ್ ಬಪ್ಪ ತಿಂಗ್ಳ್ ಲಡಾಕಿಗೆ ಬೈಕಲ್ಲ್ ಹೋಪವ ಬೇರೆ.”

ವನಜ ಒಳ್ಳೆಯ ಹೆಂಗಸು. ಮಾತು ಬದಲಿಸಬೇಕೆಂದುಕೊಂಡಳು. “ಅದಿರ್ಲಿ, ಆ ಕಡೀ ಫೋಟೋ ಹ್ಯಾಂಗ್ ಬಂದಿತ್ತ್?”

“ಲಾಯ್ಕ್ ಬಂದಿತ್ತ್,” ಎಂದಳು ವಿಜೇತಾ. “ತುದಿ ಕಾಂತತ್ತ್.”

ರತ್ನಾಕರ ಏಣಿಯನ್ನು ಎತ್ತಿ ಗೋಡೆಗೆ ಒರಗಿಸಿದ. ಮತ್ತೆ ತೆಗೆದು ಇನ್ನೊಂದು ಗೋಡೆಗೆ ಒರಗಿಸಿದ. ಆಮೇಲೆ ಹೊರಗೆ ಬಂದು ಬೈಂದೂರಿನ ಬಸ್ಸಿಗೆ ತಾನೇ ಕೈ ಅಡ್ಡ ಹಿಡಿದ.

ಸ್ನೇಹಲತಾ ಟೀಚರು ನಿವೃತ್ತರಾದರೂ ಊರೆಲ್ಲವನ್ನೂ ಇನ್ನೂ ನಾಲ್ಕನೇ ಕ್ಲಾಸು ಎಂದೇ ತಿಳಿದಿದ್ದರು. ಬೈಂದೂರಿನ ಅವರ ಮನೆಯ ಜಗಲಿಗೆ ವಿಜೇತಾ ಹತ್ತುತ್ತಿದ್ದಂತೆ, “ಅಲ್ಲೇ ನಿಲ್ಲ್!” ಎಂದರು. ಒಳಗೆ ಹೋಗಿ ಮಾವಿನಕಾಯಿ ಕೊಯ್ಯುವ ಕೊಕ್ಕೆ ತಂದರು. ಕೊಕ್ಕೆಯಲ್ಲಿ ಕೋಟನ್ನು ಎತ್ತಿ ಬಿಸಿಲಿಗೆ ಹಿಡಿದು, ಹಾವನ್ನು ನೋಡುವ ಹಾಗೆ ಎಲ್ಲ ಮಗ್ಗುಲಿನಿಂದಲೂ ನೋಡಿದರು.

“ಮುಟ್ಟುದಿಲ್ಲ ಅಂತಲ್ಲ ಮಗಾ. ನಂಗ್ ಮೂಢನಂಬಿಕೆ ಇಲ್ಲ. ಆದ್ರೆ ಎಂತಕ್ಕೆ ಸುಮ್ನೆ?” ಎನ್ನುತ್ತಿದ್ದವರು ತಟ್ಟನೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. “ಇದ್ ಯಾರ್ ಕೂದ್ಲ್?”

ಕೋಟಿನ ಕಾಲರಿಗೆ ಒಂದು ಕೂದಲು ಸುತ್ತಿಕೊಂಡಿತ್ತು. ಮಾರುದ್ದ. ಹೊಸ ತೆಂಗಿನ ನಾರಿನ ಹಾಗೆ ಹೊಂಬಣ್ಣ.

ವಿಜೇತಾ ನೋಡಿದಳು. ಅವಳ ಕೂದಲು ಕಪ್ಪು. ಅತ್ತೆಯದು ಬಿಳಿ. ಅನೂಪನಿಗೆ ಕೂದಲೇ ಕಡಿಮೆ.

ಟೀಚರು ಮೂಗನ್ನು ಹತ್ತಿರ ತಂದರು. “ಸೆಂಟ್!” ಎಂದರು. ಮತ್ತೊಮ್ಮೆ ಮೂಸಿದರು. “ಹೆಂಗ್ಸರ್ ಸೆಂಟ್!”

ಆ ವಾಸನೆ ವಿಜೇತಾಗೆ ಗೊತ್ತಿತ್ತು. ಇಷ್ಟು ದಿನ ರಾತ್ರಿ ಬಾಗಿಲು ಹಾಕಿಕೊಂಡು ಆ ಕೋಟಿಗೆ ಮುಖವಿಟ್ಟು ಮಲಗಿದ್ದಳು. ಅನೂಪನ ವಾಸನೆ ಹೀಗಿರಲಿಲ್ಲವಲ್ಲ ಎಂದು ಒಂದೆರಡು ಸಲ ಅನ್ನಿಸಿತ್ತು. ಸತ್ತ ಮೇಲೆ ವಾಸನೆಯೂ ಬೇರೆಯಾಗುತ್ತದೇನೋ ಎಂದು ಸುಮ್ಮನಾಗಿದ್ದಳು.

“ಪಾಪ,” ಟೀಚರ ದನಿ ಮೆತ್ತಗಾಯಿತು. “ನಿಂಗ್ ಗೊತ್ತೇ ಇರ್ಲಿಲ್ಯಾ? ಎಮ್ಮೆಸ್ಸಿ ಮಾಡ್ದವ್ಳ್ ಬೇರೆ.”

“ಟೀಚರೇ, ಕೋಟ್ ಇಟ್ಕಂತ್ರ್ಯಾ?”

“ಅಯ್ಯೋ, ಈಗಳ್ ಎರಡ್ ದೋಷ ಆಯ್ತಲೆ! ನಂಗ್ ಕೊಟ್ಟದ್ದ್ ಬ್ರಹ್ಮಾವರದ ಲೀಲಾಧರಣ್ಣ. ಮೂಲ ಯಜಮಾನ್ರ್ ಅವ್ರೇ. ಅಲ್ಲಿಗೇ ಹೋಗ್.” ಕೊಕ್ಕೆಯ ತುದಿಯಿಂದ ಕೋಟು ವಿಜೇತಾಳ ತೋಳಿಗೆ ಮರಳಿತು. ಗೇಟು ದಾಟುವ ಮೊದಲೇ ಟೀಚರು ಫೋನು ಕಿವಿಗಿಟ್ಟುಕೊಂಡದ್ದು ಕಾಣಿಸಿತು.

ಬ್ರಹ್ಮಾವರಕ್ಕೆ ಹೋಗಲು ಬಂದ ದಾರಿಯನ್ನೆಲ್ಲ ಹಿಂದೆ ಬರಬೇಕು. ಕುಂದಾಪುರ ದಾಟಿ ಇನ್ನೂ ಅಷ್ಟು ದೂರ. ಈ ಸಲವೂ ಕೋಟು ಪಕ್ಕದ ಸೀಟಿನಲ್ಲಿ ಕೂತಿತು. ಮರವಂತೆಯ ಹತ್ತಿರ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಬಂದಾಗ ಎಲ್ಲರೂ ಕಿಟಕಿಯತ್ತ ನೋಡಿದರು. ವಿಜೇತಾ ಕೋಟನ್ನು ನೋಡಿದಳು.

‘ಟ್ರಾಮ್ ತಡ ಆಯ್ತು ಅಂತಿದ್ದೆಯಲ್ಲ,’ ಎಂದಳು ಮನಸ್ಸಿನಲ್ಲೇ. ‘ಎಷ್ಟು ಸಲ ತಡ ಆಗ್ತದೆ ಒಂದು ಟ್ರಾಮು?’

ಕೋಟು ಬಸ್ಸಿನ ಕುಲುಕಾಟಕ್ಕೆ ಭುಜ ಕುಣಿಸಿತು.

‘ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳ ಹೆಸರು ಹೇಳುವಾಗ ನಗ್ತಿದ್ದೆ. ಹೆಸರು ಉದ್ದ ಅಂತ ನಗೋದು ಅಂದೆ. ಇನ್ನೊಂದ್ ಚೂರ್ ಹಿಂದ್ ಹೋತೆ ಅಂದೆ. ಯಾರನ್ನ ಕಾಂಬುಕೆ ಹೋದದ್ದು ಹಿಂದೆ?’

ಹೆಮ್ಮಾಡಿ ಬರುವಾಗ ಅವಳ ಕಿವಿ ಬಿಸಿಯಾಗಿತ್ತು. ಕುಂದಾಪುರ ಬರುವಾಗ ಮೊಣಕೈಯಿಂದ ಕೋಟಿನ ಪಕ್ಕೆಗೆ ಬಲವಾಗಿ ಒಂದು ತಿವಿದಳು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಾಗ ಹೊಟ್ಟೆಯಲ್ಲಿ ಏನೋ ಗುರ್ ಎಂದಿತು. ಸ್ವಲ್ಪ ಹೊತ್ತು ಬೇಕಾಯಿತು ಅದು ಹಸಿವೆಂದು ಗುರುತಿಸಲು. ಇಳಿದು ಹೋಗಿ ಬಿಸಿ ಗೋಳಿಬಜೆ ತಂದಳು. ಬಾಯಿ ಸುಟ್ಟಿತು. ಸುಟ್ಟದ್ದು ಗೊತ್ತಾಯಿತು. ಎಷ್ಟೋ ದಿನಗಳ ಮೇಲೆ ಖಾರ ಖಾರವಾಗಿಯೇ ಇತ್ತು. ಕೋಟಿಗೆ ಬೇಕೆಂದೇ ಎಣ್ಣೆಯ ಕೈ ಒರೆಸಿ, ಪೂರ್ತಿ ತಿಂದು ಮುಗಿಸಿದಳು.

ಅತ್ತೆಯ ಫೋನು ಬಂತು. “ಹೆಣೆ, ಎಂತ ಅದ್, ಬೈಂದೂರ್ ಟೀಚರ್ ಎಂತದೋ ಕೂದ್ಲ್ ಅಂತ್ರ್?”

“ಕೂದಲಿತ್ತ್ ಅತ್ತೆ.”

“ನನ್ನ್ ಮಗ ಹಾಂಗಿಪ್ಪವ ಅಲ್ಲ!” ಅತ್ತೆ ಮೂಗೆಳೆದುಕೊಂಡರು. “ಹಾಂಗಿಪ್ಪವ ಆದ್ರೂ ಈಗಳ್ ಎಂತ ಮಾಡುಕಾತ್ತ್? ಮೊದ್ಲ್ ಕೋಟ್ ಕೊಡ್.”

ಲೀಲಾಧರರು ಹಡಗಿನಲ್ಲಿ ಅಡುಗೆ ಮಾಡಿಕೊಂಡು ಲೋಕ ಸುತ್ತಿದವರು. ಬ್ರಹ್ಮಾವರದ ತಮ್ಮ ಹಿತ್ತಲಲ್ಲಿ ಲುಂಗಿ ಎತ್ತಿಕಟ್ಟಿ ಬಸಳೆಗೆ ನೀರು ಬಿಡುತ್ತಿದ್ದರು. ವಿಜೇತಾಳನ್ನು ಕಂಡದ್ದೇ ಪೈಪು ಕೆಳಗಿಟ್ಟು ಎರಡೂ ಕೈ ಚಾಚಿದರು.

“ತಾ ಮಗಾ, ತಾ. ಟೀಚರ್ ಫೋನ್ ಮಾಡಿ ಎಲ್ಲ ಹೇಳಿರ್. ಸತ್ತವ್ರ ವಸ್ತು ಅಂಬ್ರ್! ಈ ಮನೆ ಸತ್ತ್ ಹೋದ ನನ್ನಪ್ಪಂದಲ್ದಾ? ಬಿಟ್ ಓಡಿ ಹೋತ್ನಾ ನಾನ್?”

ವಿಜೇತಾಳ ತೋಳು ಹಗುರಾಯಿತು. ಹೋಗಿ ಅತ್ತೆಗೆ ಗಂಜಿ ಕೊಡಬಹುದು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅನೂಪನ ಮೇಲೆ ಸಾವಕಾಶವಾಗಿ, ಮೊದಲಿನಿಂದ ಸಿಟ್ಟುಮಾಡಬಹುದು.

ಹಳೆಯ ಗೆಳೆಯನನ್ನು ಕಂಡ ಖುಷಿಯಲ್ಲಿ ಲೀಲಾಧರರು ಆ ಸೆಕೆಯಲ್ಲೂ ಬನಿಯನ್ನಿನ ಮೇಲೆ ಕೋಟು ಹಾಕಿಕೊಂಡರು. ಗುಂಡಿ ಹಾಕಲು ಹೋದರು. ಬಲಗೈ ತಡಕಾಡಿತು. ಎಡಗೈ ತಡಕಾಡಿತು. ಮುಖ ಗಂಭೀರವಾಯಿತು.

“ಗುಂಡಿ ಎಡಬದಿಗೆ ಎಂತಕ್ಕಿತ್ತ್?” ಕೋಟು ಬಿಚ್ಚಿ ಒಳಮಗ್ಗುಲು ತಿರುವಿದರು. “ನನ್ನ್ ಹೆಂಡ್ತಿ ಒಳಕಿಸೆ ಮೇಲೆ ಕೆಂಪ್ ನೂಲಲ್ಲ್ ಮೀನ್ ಹೊಲ್ದಿದ್ಲ್. ಎಲ್ಲಿತ್ತ್ ಮೀನ್? ಮಗಾ, ಇದ್ ನನ್ನ್ ಕೋಟಲ್ಲ. ಇದ್ ಹೆಂಗ್ಸರ್ ಕೋಟ್.”

ವಿಜೇತಾ ಅಲ್ಲೇ ಬಾವಿಕಟ್ಟೆಯ ಮೇಲೆ ಕೂತಳು.

“ಎಲ್ಲಾದ್ರೂ ಬಿಚ್ಚಿ ನೇಲ್ಸಿದ್ರ್ಯಾ?”

ಮ್ಯೂಸಿಯಮ್ಮಿನಲ್ಲಿ ಬಿಚ್ಚಿದ್ದರು. ಬಾಗಿಲಲ್ಲೇ ಉದ್ದದ ಕಂಬಿ, ಕಂಬಿಯ ತುಂಬ ಕೋಟುಗಳು. ಒಳಗೆ ಹೋಗುವವರು ಅಲ್ಲಿ ನೇತುಹಾಕಿಯೇ ಹೋಗಬೇಕು. ಅನೂಪನಿಗೆ ಬಹಳ ಖುಷಿಯಾಗಿತ್ತು. “ನಮ್ಮ್ ಕೊಲ್ಲೂರ್ ದೇವಸ್ಥಾನದ ಹಾಂಗೇ ಇತ್ತಲೆ! ಅಲ್ಲಿ ಚಪ್ಲಿ, ಇಲ್ಲಿ ಕೋಟ್,” ಎಂದಿದ್ದ. ಅತ್ತೆ ಕೂಡಲೇ ಚಪ್ಪಲಿಯನ್ನೂ ಕಂಬಿಯ ಕೆಳಗೆ ಬಿಟ್ಟು, ಸಾಕ್ಸಿನಲ್ಲೇ ರಾಜರಾಣಿಯರ ಚಿತ್ರಗಳಿಗೆಲ್ಲ ಕೈಮುಗಿಯುತ್ತ ನಡೆದಿದ್ದರು. ದೇವಸ್ಥಾನದಲ್ಲಿ ಚಪ್ಪಲಿ ಬಿಡುವವರಿಗೆ ಒಂದು ಉಪಾಯ ಗೊತ್ತಿರುತ್ತದೆ. ಸುಲಭಕ್ಕೆ ಗುರುತು ಸಿಗುವ ಜೋಡಿಯ ಪಕ್ಕ ಬಿಡಬೇಕು. ಅನೂಪನೂ ತನ್ನ ಕೋಟನ್ನು ಒಂದು ಕಡುಗೆಂಪು ಕೋಟಿನ ಪಕ್ಕ ನೇತುಹಾಕಿ, “ಕೆಂಪಿನ ಬಲಕ್ಕೆ, ನೆನಪಿಟ್ಕೊ,” ಎಂದಿದ್ದ. ಹೊರಬರುವಾಗ ಕೆಂಪಿನ ಬಲಕ್ಕೆ ಒಂದು ಕಪ್ಪು ಕೋಟು ಇತ್ತು. ತೆಗೆದುಕೊಂಡ. ಕೆಂಪು ಕೋಟೂ ಜಾಗ ಬದಲಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ. ಆ ಸಂಜೆಯಿಂದ ಚಳಿ ಸ್ವಲ್ಪ ಕಡಿಮೆ ಅನ್ನಿಸಿತ್ತು. ದೇಶ ಒಗ್ಗುತ್ತಿದೆ ಎಂದುಕೊಂಡಿದ್ದರು.

ವಿಜೇತಾ ಹೇಳಿದ್ದನ್ನು ಕೇಳಿ ಲೀಲಾಧರರು ಕೆಮ್ಮು ಬರುವವರೆಗೆ ನಕ್ಕರು. “ಹಾಂಗಾರೆ ನನ್ನ್ ಕೋಟ್ ಆ ದೇಶದ ಯಾವ್ದೋ ಹೆಂಗ್ಸಿನ ಮೈಮೇಲಿತ್ತ್! ದೇವಸ್ಥಾನದಲ್ಲಿ ಚಪ್ಲಿ ಹೋದ್ರೆ ನಮ್ಮ್ ಪೀಡೆ ಹೋಯ್ತ್ ಅಂಬ್ರ್. ಅದನ್ನ್ ಮೆಟ್ಟಿ ಹೋದವ್ನಿಗೆ ಆ ಪೀಡೆ...”

ಪೈಪಿನ ನೀರು ಅಂಗಳದಲ್ಲಿ ಸುಮ್ಮನೆ ಹರಿಯುತ್ತಿತ್ತು. ಅವರು ಹೋಗಿ ನಲ್ಲಿ ನಿಲ್ಲಿಸಿ ಬಂದರು.

“ಗಂಡ ತಪ್ಪ್ ಮಾಡ್ಲಿಲ್ಲ ಮಗಾ,” ಎಂದರು. “ಪಾಪದವ. ಆ ಟೀಚರಿಗೂ ರತ್ನಾಕರನಿಗೂ ಈಗಳೇ ಫೋನ್ ಮಾಡಿ ಹೇಳ್ತೆ. ಆದ್ರೆ ಇದನ್ನ್ ನಾ ಇಟ್ಕಂಬುದಿಲ್ಲ. ನನ್ನ್ ಹಳೇ ಕೋಟಲ್ಲ್ ಅವ್ಳಿಗೆ ಚಳಿ ಆತ್ತಲ್ದಾ?”

ವಿಜೇತಾ ತಲೆಯಾಡಿಸಿದಳು. ಅನೂಪನ ಹೆಸರು ಉಳಿಯಿತು. ಸಂತೋಷಪಡಬೇಕಾಗಿತ್ತು. ಆದರೆ ಬೈಂದೂರಿನಿಂದ ಕೆಟ್ಟವನಾಗಿ ಪಕ್ಕದ ಸೀಟಿನಲ್ಲಿ ಕೂತು ಬಂದ ಅನೂಪ, ಈಗ ಒಳ್ಳೆಯವನಾಗಿ ಮತ್ತೆ ಸತ್ತ. ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ. ನಾಲಿಗೆಯ ಮೇಲಿನ ಖಾರವೂ ಹೋಗಿತ್ತು. ತಿರುಗಿ ಬರುವ ಬಸ್ಸಿನಲ್ಲಿ ಕೋಟು ಬರೀ ಕೋಟಾಗಿತ್ತು.

ಕುಂದಾಪುರದಲ್ಲಿ ಇಳಿಯುವಾಗ ಬಸ್ ಸ್ಟ್ಯಾಂಡಿನಲ್ಲಿ ರತ್ನಾಕರ ಸ್ಕೂಟರಿನ ಮೇಲೆ ಕಾಯುತ್ತಿದ್ದ. ಈಗ ನಡುವೆ ಏಣಿಯಿರಲಿಲ್ಲ.

“ವಿಜೇತಾ, ವಿಷ್ಯ ತಿಳೀತ್. ಪಾಪ ಅನೂಪ. ಅದಿರ್ಲಿ, ನಮ್ಮ್ ಕೋಟ್ ಎಲ್ಲಿತ್ತ್?”

“ಬೆಳಿಗ್ಗೆ ನಿಮ್ದಲ್ಲ ಅಂದ್ರಿ.”

“ಅದ್ ಸತ್ತವ್ರದ್ದ್ ಅಂತ. ಈಗಳ್ ನಮ್ಮ್ ಕೋಟಿಗೆ ದೋಷವೇ ಇಲ್ಯಲೆ! ಅನೂಪ ಹೋಪತಿಗೆ ಅದ್ ನಿಮ್ಮ್ ಹತ್ರ ಇರ್ಲೇ ಇಲ್ಲ. ಬಪ್ಪ ತಿಂಗ್ಳ್ ನಂಗ್ ಲಡಾಕ್ ಇತ್ತ್. ಎಂತಾದ್ರೂ ಮಾಡಿ ತರ್ಸ್ ಮರಾಯ್ತಿ.”

ಅಷ್ಟರಲ್ಲಿ ಸ್ನೇಹಲತಾ ಟೀಚರ ಫೋನು. “ಮಗಾ, ಊರಿನ ಕೋಟ್ ಕಳ್ದ್ ಹಾಕಿದ್ರಿ ಅಂಬ್ರಲೆ! ಇಷ್ಟ್ ಕಲ್ತ್ ಎಂತ ಉಪಯೋಗ? ಆ ಪೋಲೆಂಡಿನವ್ರಿಗೆ ಫೋನ್ ಮಾಡ್. ಹ್ವಾಯ್, ಹೆಂಗ್ಸಿನ ಸಾವಾಸ ಅಂತ ಇಲ್ಲಿ ಒಂದಿಬ್ರಿಗೆ ಹೇಳಿದ್ದೆ. ಅಲ್ಲ ಅಂದ್ರೆ ಅವ್ರ್ ಈಗ ನಂಬ್ತಿಲ್ಲ.”

ಅದು ಮುಗಿಯುವ ಮೊದಲೇ ಅತ್ತೆ. ಅತ್ತೆ ಅಳುತ್ತಿದ್ದರು. “ಕದ್ದ ಅಂತ ಹೇಳ್ಬೇಡ ಹೆಣೆ! ಹೆಂಗ್ಸಿನ ಸಾವಾಸ ಅಂದ್ರೆ ಗಂಡ್ಸಲ್ದಾ ಅಂತಿದ್ರ್. ಕಳ್ಳ ಅಂದ್ರೆ ನಾನ್ ಎಲ್ಲಿ ಮೋರೆ ತೋರ್ಸುದ್? ಬೆಳಿಗ್ಗೆ ಒಂದೇ ಕೋಟ್ ಕೊಡುಕಿತ್ತ್. ಈಗಳ್ ಎರಡ್ ಆಯ್ತಲೆ!”

“ಒಂದನ್ನ್ ಈಗಳೇ ಕೊಟ್ ಬತ್ತೆ ಅತ್ತೆ. ಗಂಜಿ ಬಿಸಿ ಮಾಡಿ ಉಣಿ.”

ಪೋಸ್ಟಾಫೀಸಿನ ಕಿಟಕಿಯಲ್ಲಿ ಪದ್ದು ಎಂಬ ಹೆಂಗಸು ಸರಸರ ಎಲ್ಲ ಕಟ್ಟಿಟ್ಟು ಹೊರಡುವ ಅಂದಾಜಿನಲ್ಲಿದ್ದಳು. ಕೋಟನ್ನು ಕಂಡು ಮತ್ತೆ ಕೂತಳು. ಎದುರಿನ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗೆ ಇಬ್ಬರೂ ಸೇರಿ ಅದನ್ನು ಮಡಚಿ ಒತ್ತಿದರು. ಒಂದು ತೋಳು ಎಷ್ಟು ಒತ್ತಿದರೂ ಹೊರಗೆ ಬರುತ್ತಿತ್ತು. ಪದ್ದು ಅದರ ಮೇಲೆ ಮೊಣಕೈಯೂರಿ ಟೇಪು ಸುತ್ತಿದಳು.

“ಯಾರ್ ಹೆಸ್ರಿಗೆ?”

ವಿಜೇತಾ ಮ್ಯೂಸಿಯಮ್ಮಿನ ವಿಳಾಸ ಹೇಳಿದಳು. “ಮನುಷ್ಯರ್ ಹೆಸ್ರ್ ಬೇಡ್ದಾ?” ಎಂದಳು ಪದ್ದು.

“ಹೆಸ್ರ್ ಗೊತ್ತಿಲ್ಲ. ಕೋಟು ಕಳಕೊಂಡ ಹೆಂಗಸಿಗೆ ಅಂತ ಬರೀತೆ.”

“ಸುಮ್ನೆ ಕೊಡುದಾ, ಮಾರುದಾ?” ಎಂದು ಪದ್ದು ಕಸ್ಟಮ್ಸ್ ಫಾರ್ಮು ನೋಡಿ ಕೇಳಿದಳು.

“ಎರವಲ್ ತಂದದ್ದ್. ವಾಪಸ್.”

ಪದ್ದು ಅವಳನ್ನೊಮ್ಮೆ ನೋಡಿ ತಕ್ಕಡಿಯಿಂದ ಪೆಟ್ಟಿಗೆ ಇಳಿಸಿದಳು. “ಕಳಿಸ್ದವ್ರ ಹೆಸ್ರ್?”

ವಿಜೇತಾ ಹೇಳಿದಳು. “ಅನೂಪ.”

“ಅವ್ರ್ ಮನೆಯಲ್ಲ್ ಇಪ್ರಾ? ಹೆಸ್ರಿಲ್ಲದ್ದ್ ಅಲ್ದಾ, ತಿರ್ಗಿ ಬಪ್ಪುದೇ ಹೆಚ್ಚ್. ಬಂದ್ರೆ ತಕಂಬುಕೆ ಜನ ಬೇಕ್.”

“ಅವ್ರ್ ಇಪ್ಪುದಿಲ್ಲ,” ಎಂದು ವಿಜೇತಾ ಪೆಟ್ಟಿಗೆಯನ್ನು ಕಿಟಕಿಯೊಳಗೆ ದೂಡಿದಳು. “ನಾನಿರ್ತೆ.”